ಪದಚರ್ಚೆ: ‘ಹೈರೆಸಿಸ್’ಗೆ ಕನ್ನಡದಲ್ಲಿ ಏನನ್ನೋಣ? ಪಾಷಂಡವೋ, ಪಂಥವೋ, ಅಡ್ಡದಾರಿಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಯೇಸುವಿನ ನಂತರದ ಮೊದಲ ಮುನ್ನೂರು ವರ್ಷಗಳ ಬಗ್ಗೆ ಉದ್ದದ ಲೇಖನವೊಂದನ್ನು ಬರೆಯುತ್ತಿದ್ದೇನೆ. ಬೈಬಲಿಗೆ ಸೇರದೆ ಹೊರಗುಳಿದ ಸುವಾರ್ತೆಗಳು, ಅವನ್ನು ಓದುತ್ತಿದ್ದ ಜನ, ಆ ಜನಕ್ಕೆ ಬಿದ್ದ ಹೆಸರುಗಳು, ಇದೇ ಅದರ ವಿಷಯ. ಅಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವ ಗ್ರೀಕ್ ಪದ ಹೈರೆಸಿಸ್. ಇಂಗ್ಲಿಷಿನ ಹೆರೆಸಿ, ಅಂದರೆ ತಪ್ಪೆಂದು ಸಭೆ ತಳ್ಳಿದ ನಂಬಿಕೆ, ಹುಟ್ಟಿದ್ದು ಇದರಿಂದಲೇ.

ಮೊದಲ ಕರಡಿನಲ್ಲಿ ಎಲ್ಲ ಕಡೆ ‘ಪಾಷಂಡ’ ಅಂತಲೇ ಹಾಕಿದ್ದೆ. ನಮ್ಮ ಪಕ್ಕದ ಮನೆಯ ಆಂಟಿ ದಿನಾ ಕನ್ನಡ ಬೈಬಲ್ ಓದುವವರು. ಅವರಿಗೆ ಒಂದು ಪುಟ ಓದಿ ಹೇಳಿದೆ. ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ತನ್ನ ಜನರಲ್ಲಿ ಮೂರು ಹೈರೆಸಿಸ್‌ಗಳಿದ್ದವು ಅನ್ನುತ್ತಾನಲ್ಲ, ಫರಿಸಾಯರು, ಸದ್ದುಕಾಯರು, ಎಸ್ಸೇನರು ಅಂತ, ಆ ಸಾಲು. ಆಂಟಿ ಅಲ್ಲೇ ತಡೆದರು. “ತನ್ನವರನ್ನೇ ಯಾಕಪ್ಪಾ ಹೀಗೆ ಬೈತಾನೆ?” ಅಂದರು.

ಜೋಸೆಫಸ್ ಬೈಯುತ್ತಿಲ್ಲ. ತಾನೂ ಫರಿಸಾಯರ ದಾರಿಯನ್ನೇ ಹಿಡಿದೆ ಅಂತ ಅವನೇ ಬರೆದುಕೊಂಡಿದ್ದಾನೆ. ಹೈರೆಸಿಸ್ ಅಂದರೆ ಮೂಲದಲ್ಲಿ ಆಯ್ಕೆ, ಆರಿಸಿಕೊಂಡದ್ದು. ಆಮೇಲೆ ಒಬ್ಬ ಮನುಷ್ಯ ಆರಿಸಿಕೊಂಡ ಚಿಂತನೆಯ ಶಾಲೆ, ಗುಂಪು. ಗ್ರೀಕ್ ತತ್ವಜ್ಞಾನಿಗಳ ಶಾಲೆಗಳಿಗೂ ಇದೇ ಪದ ನಡೆಯುತ್ತಿತ್ತು. ಬೈಗುಳದ ವಾಸನೆಯೇ ಇರಲಿಲ್ಲ. ಹಾಗಾಗಿ ಜೋಸೆಫಸ್ ಬರುವ ಕಡೆ ‘ಪಂಥ’ ಅಂತ ತಿದ್ದಿದೆ. ಅಲ್ಲಿಗೆ ಅದು ಸರಿಹೋಯಿತು.

ತೊಡಕು ಶುರುವಾಗುವುದು ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದಲ್ಲಿ. 24ನೇ ಅಧ್ಯಾಯದಲ್ಲಿ ಪೌಲ ರೋಮನ್ ಅಧಿಪತಿ ಫೇಲಿಕ್ಸನ ಮುಂದೆ ನಿಂತಿದ್ದಾನೆ. ಎದುರು ಪಕ್ಷದ ವಕೀಲ ಅವನನ್ನು ನಜರೇನರ, ಅಂದರೆ ಯೇಸುವಿನ ಹಿಂಬಾಲಕರ, ಹೈರೆಸಿಸ್‌ನ ಮುಂದಾಳು ಅಂದಿದ್ದಾನೆ. 14ನೇ ವಚನದಲ್ಲಿ ಪೌಲ ಉತ್ತರ ಕೊಡುತ್ತಾನೆ. ನನ್ನ ಮಾತಿನಲ್ಲಿ ಹೇಳುವುದಾದರೆ, “ಇವರು ಯಾವುದನ್ನು ಹೈರೆಸಿಸ್ ಅನ್ನುತ್ತಾರೋ ಆ ದಾರಿಯಲ್ಲೇ ನಮ್ಮ ಪಿತೃಗಳ ದೇವರನ್ನು ಸೇವಿಸುತ್ತೇನೆ.” ದಾರಿ ಅನ್ನುವುದು ಆಗಿನ ವಿಶ್ವಾಸಿಗಳು ತಮಗೆ ತಾವೇ ಇಟ್ಟುಕೊಂಡಿದ್ದ ಹೆಸರು. ಅವರು ಅನ್ನುವುದು ಒಂದು, ನಾನು ಅನ್ನುವುದು ಇನ್ನೊಂದು, ಅದೇ ಮಾತಿನ ಬಿಸಿ. ಇಲ್ಲಿ ‘ಪಂಥ’ ಅಂದರೆ ಆ ಬಿಸಿ ಆರಿಹೋಗುತ್ತದೆ. ‘ಪಾಷಂಡ’ ಅಂದರೆ ಜಾಸ್ತಿಯಾಯಿತು. ಈ ಒಂದು ವಚನಕ್ಕೆ ನನಗೆ ಹೊಳೆದದ್ದು ‘ಅಡ್ಡದಾರಿ’. ನೀವು ಅಡ್ಡದಾರಿ ಅನ್ನುವುದೇ ನನ್ನ ದಾರಿ. ಕನ್ನಡದ ಕಿವಿಗೆ ತಟ್ಟನೆ ಮುಟ್ಟುತ್ತದೆ, ಅಲ್ವಾ? ಆದರೆ ಇದನ್ನು ಜೋಸೆಫಸನ ಫರಿಸಾಯರಿಗೆ ಹಾಕಲು ಬರುವುದಿಲ್ಲ.

ಇನ್ನು ನೂರು ವರ್ಷ ಮುಂದೆ ಬನ್ನಿ. ಸುಮಾರು 180ರಲ್ಲಿ, ಈಗಿನ ಫ್ರಾನ್ಸಿನ ಲಿಯೋನ್ ಊರಿನ ಬಿಷಪ್ ಇರೇನಿಯಸ್ ತನಗೆ ತಪ್ಪೆನಿಸಿದ ಕ್ರೈಸ್ತ ಗುಂಪುಗಳ ಮೇಲೆ ಐದು ಭಾಗಗಳ ದೊಡ್ಡ ಖಂಡನೆಯನ್ನು ಬರೆದ. ಅಷ್ಟು ಹೊತ್ತಿಗೆ ಹೈರೆಸಿಸ್ ಪೂರ್ತಿ ಬೈಗುಳವಾಗಿತ್ತು. ಅವನು ಕೊಡುವ ಒಂದು ಹೋಲಿಕೆ ನೋಡಿ. ಒಬ್ಬ ಶಿಲ್ಪಿ ಬೆಲೆಬಾಳುವ ಹರಳುಗಳನ್ನು ಜೋಡಿಸಿ ರಾಜನ ಚಿತ್ರ ಮಾಡಿದ್ದಾನೆ. ಇನ್ನೊಬ್ಬ ಬಂದು ಅವೇ ಹರಳುಗಳನ್ನು ಕಿತ್ತು, ನಾಯಿಯದೋ ನರಿಯದೋ ಆಕಾರಕ್ಕೆ ಜೋಡಿಸಿ, ಇದೇ ರಾಜ ಅನ್ನುತ್ತಾನೆ. ಹರಳುಗಳೇನೋ ಅವೇ.

ಈ ಹೋಲಿಕೆ ನನ್ನ ಒಂದು ಆಸೆಯನ್ನು ಮುರಿಯಿತು. ಕವಿರಾಜಮಾರ್ಗದಲ್ಲಿ ಪರವಿಚಾರ, ಪರಧರ್ಮ ಎಂಬ ಪದಗಳಿವೆ. ಪರರದ್ದನ್ನು ಸೈರಿಸಬೇಕು ಎಂಬ ಹಿರಿದಾದ ಮಾತಿನ ನಡುವೆ ಬರುವ ಪದಗಳು. ಅವನ್ನೇ ಇಲ್ಲಿಗೆ ತರಬಹುದು ಅಂದುಕೊಂಡಿದ್ದೆ. ಆಗದು. ಇರೇನಿಯಸ್ ಬೈದವರು ಪರರಲ್ಲ. ಇವರ ಮಾತು ನಮ್ಮ ಮಾತಿನಂತೆಯೇ ಇದೆ, ಮನಸ್ಸಿನಲ್ಲಿರುವುದು ಬೇರೆ, ಅನ್ನುವುದೇ ಅವನ ದೂರು. ಒಳಗಿನವರು, ಅದೇ ಯೇಸುವಿನ ಹೆಸರು ಹೇಳುವವರು. ‘ಪರ’ ಸೇರಿಸಿದ ಕೂಡಲೇ ಅವರು ಬೇರೆ ಊರಿನವರಾಗಿಬಿಡುತ್ತಾರೆ.

ಹಾಗಿದ್ದರೆ ‘ಮತಭ್ರಷ್ಟ’? ಇದನ್ನು ಹಲವರು ಬಳಸುತ್ತಾರೆ. ನನಗೆ ಇದರ ಬಗ್ಗೆ ಗಟ್ಟಿಯಾದ ತಕರಾರಿದೆ. ಭ್ರಷ್ಟ ಅಂದರೆ ಇದ್ದ ಜಾಗದಿಂದ ಜಾರಿದವನು. ಅಂದರೆ ಸರಿಯಾದದ್ದು ಮೊದಲಿತ್ತು, ಇವರು ಆಮೇಲೆ ಅದರಿಂದ ಬಿದ್ದರು ಅಂತ ಒಪ್ಪಿಕೊಂಡ ಹಾಗೆ. ಇರೇನಿಯಸ್ ಹೇಳುವುದೂ ಅದನ್ನೇ. ಆದರೆ 1934ರಲ್ಲಿ ಜರ್ಮನಿಯ ವಿದ್ವಾಂಸ ವಾಲ್ಟರ್ ಬಾವರ್ ಪ್ರಶ್ನೆ ಎತ್ತಿದ್ದು ಸರಿಯಾಗಿ ಈ ಕಡೆಯಿಂದಲೇ. ಎಷ್ಟೋ ಊರುಗಳಲ್ಲಿ ಮೊದಲು ಬಂದದ್ದು ಮುಂದೆ ಬೈಸಿಕೊಂಡ ರೂಪವೇ, ‘ಸರಿಯಾದ’ದ್ದು ಆಮೇಲೆ ಬಂದು ಗೆದ್ದಿತು ಎಂದು ಅವನು ವಾದಿಸಿದ. ಅವನು ಕೊಟ್ಟ ಉದಾಹರಣೆ ಎದೆಸ್ಸಾ, ಈಗಿನ ತುರ್ಕಿಯ ಉರ್ಫಾ. ಅಲ್ಲಿ ಕ್ರೈಸ್ತರು ಅನ್ನುವ ಹೆಸರು ಬೇರೆಯವರ ಪಾಲಾಗಿತ್ತು. ಮುಂದೆ ‘ಸರಿಯಾದ’ದ್ದು ಅನ್ನಿಸಿಕೊಂಡ ಸಭೆಯ (ಚರ್ಚಿನ) ಕಡೆಯವರನ್ನು ಪಾಲೂಟ್ ಎಂಬ ಹಿರಿಯನ ಹೆಸರಿನಿಂದ ಪಾಲೂಟಿಯರು ಅನ್ನುತ್ತಿದ್ದರು. ನಾಲ್ಕನೇ ಶತಮಾನದ ಕವಿ ಸಂತ ಎಫ್ರೇಮ್ ಈ ಬಗ್ಗೆ ನೊಂದು ಬರೆದಿದ್ದಾನೆ. ಬಾವರನ ವಾದದಲ್ಲಿ ಬಿರುಕುಗಳಿವೆ, ಎಲ್ಲ ಊರಿಗೂ ಅದನ್ನು ಹಿಗ್ಗಿಸಲು ಬರುವುದಿಲ್ಲ ಅಂತ ಮುಂದಿನವರು ತೋರಿಸಿದ್ದಾರೆ. ಆದರೂ ಪ್ರಶ್ನೆ ಉಳಿದಿದೆ. ನಾನು ‘ಮತಭ್ರಷ್ಟ’ ಅಂತ ಬರೆದರೆ, ಪ್ರಶ್ನೆ ಕೇಳುವ ಮೊದಲೇ ತೀರ್ಪು ಕೊಟ್ಟ ಹಾಗಾಗುತ್ತದೆ.

‘ಕವಲು’ ನನಗೆ ತುಂಬಾ ಇಷ್ಟದ ಪದ. ಆದರೆ ಅದೂ ಅಷ್ಟೇ. ಕವಲು ಅಂದಮೇಲೆ ಕಾಂಡ ಒಂದೇ. ‘ಭಿನ್ನಮತ’ ಅಂದರೆ ಓದುಗರಿಗೆ ಮೊದಲು ನೆನಪಾಗುವುದು ರೆಸಾರ್ಟಿಗೆ ಹೋದ ಶಾಸಕರು. ‘ಧರ್ಮದ್ರೋಹ’ದಲ್ಲಿ ಕೋರ್ಟು, ಶಿಕ್ಷೆ ಎಲ್ಲ ಬಂದುಬಿಡುತ್ತವೆ. ಎರಡನೇ ಶತಮಾನದಲ್ಲಿ ಯಾವ ಬಿಷಪ್ಪನ ಕೈಯಲ್ಲೂ ಅಂಥ ಅಧಿಕಾರ ಇರಲಿಲ್ಲ. ಆಗ ಕ್ರೈಸ್ತರೇ ರೋಮಿನ ಕೈಯಲ್ಲಿ ಏಟು ತಿನ್ನುತ್ತಿದ್ದರು.

ಇಷ್ಟೆಲ್ಲ ಆದಮೇಲೆ ಮತ್ತೆ ಪಾಷಂಡಕ್ಕೇ ಬಂದೆ. ನನ್ನ ಮನಸ್ಸು ಬದಲಾದದ್ದು ಸನ್ನತಿಯಿಂದ.

ಕಲಬುರಗಿ ಜಿಲ್ಲೆಯ ಸನ್ನತಿ, ಭೀಮಾ ತೀರದ ಊರು. ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಬರಹ ಸಿಕ್ಕಿದ್ದು 1980ರ ದಶಕದಲ್ಲಿ. ಅದರಲ್ಲಿ ಅಶೋಕನ 12ನೇ ಶಾಸನದ ಭಾಗವೂ ಇದೆ. ಆ ಶಾಸನದ ಮುಖ್ಯ ಪದವೇ ಪಾಸಂಡ. ರಾಜ ಎಲ್ಲ ಪಾಸಂಡಗಳನ್ನೂ ಗೌರವಿಸುತ್ತಾನೆ. ತನ್ನ ಪಾಸಂಡವನ್ನು ಹೊಗಳಿಕೊಂಡು ಇನ್ನೊಬ್ಬರ ಪಾಸಂಡವನ್ನು ಸುಮ್ನೆ ಹಳಿಯಬಾರದು, ಮಾತಿನ ಮೇಲೆ ಹಿಡಿತ ಇರಬೇಕು. ಇಲ್ಲಿ ಪಾಸಂಡ ಅಂದರೆ ಪಂಥ, ಅಷ್ಟೇ. ತನ್ನದೂ ಪಾಸಂಡವೇ, ಇನ್ನೊಬ್ಬರದ್ದೂ ಪಾಸಂಡವೇ. ಮುಂದೆ ಮನುಸ್ಮೃತಿಯ ಹೊತ್ತಿಗೆ ಪಾಷಂಡಿಯನ್ನು ಮಾತಿನಿಂದಲೂ ಸತ್ಕರಿಸಬಾರದು ಎನ್ನುವ ಮಟ್ಟಕ್ಕೆ ಪದ ಇಳಿಯಿತು.

ನೋಡಿ, ಎರಡು ಪದಗಳೂ ಒಂದೇ ಇಳಿಜಾರಿನಲ್ಲಿ ಇಳಿದಿವೆ. ಒಂದಕ್ಕೊಂದು ನಂಟಿಲ್ಲ, ದೇಶ ಬೇರೆ, ಜನ ಬೇರೆ. ಹೈರೆಸಿಸ್‌ಗೆ ಇಷ್ಟು ಹೊಂದುವ ಜೊತೆ ಇಂಗ್ಲಿಷಿನಲ್ಲೂ ಇಲ್ಲ. ಅಲ್ಲಿ ಪಂಥಕ್ಕೆ ಒಂದು ಪದ, ಬೈಗುಳಕ್ಕೆ ಇನ್ನೊಂದು. ನಮ್ಮಲ್ಲಿ ಒಂದೇ ಪದದ ಹೊಟ್ಟೆಯಲ್ಲಿ ಎರಡೂ ಇವೆ.

ಆದರೆ ಈಗ ಓದುವವರ ಕಿವಿಯಲ್ಲಿ ಅಶೋಕನ ಅರ್ಥ ಉಳಿದಿಲ್ಲ. ಆಂಟಿ ಕೇಳಿದ ಪ್ರಶ್ನೆಯೇ ಅದಕ್ಕೆ ಸಾಕ್ಷಿ.

ಸದ್ಯಕ್ಕೆ ಹೀಗೆ ಮಾಡಿದ್ದೇನೆ. ಜೋಸೆಫಸ್ ಮಾತಾಡುವ ಕಡೆ ಪಂಥ. ಫೇಲಿಕ್ಸನ ಮುಂದಿನ ಪೌಲನಿಗೆ ಅಡ್ಡದಾರಿ. ಇರೇನಿಯಸ್ ಮಾತಾಡುವ ಕಡೆ ಪಾಷಂಡ, ಅದೂ ಅವನ ಬಾಯಿಂದ ಬಂದದ್ದು ಅಂತ ಗೊತ್ತಾಗುವ ಹಾಗೆ. ನಾನೇ ಮಾತಾಡುವ ಕಡೆ ಮತ್ತೆ ಪಂಥ. ಇದಕ್ಕೆ ಒಂದು ಕಾರಣವಿದೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ನೆಲದಡಿಯ ಗಡಿಗೆಯಲ್ಲಿ ಕಾಪ್ಟಿಕ್ ಭಾಷೆಯ ಹಳೆಯ ಪುಸ್ತಕಗಳು ಸಿಕ್ಕವಲ್ಲ, ಚರ್ಮದ ರಟ್ಟಿನವು, ಐವತ್ತಕ್ಕೂ ಹೆಚ್ಚು ಬರಹಗಳು. ಅಲ್ಲಿಯವರೆಗೆ ಈ ಜನರ ಬಗ್ಗೆ ಗೊತ್ತಿದ್ದದ್ದು ಹೆಚ್ಚಾಗಿ ಅವರನ್ನು ಬೈದವರ ಬಾಯಿಂದ. ಈಗ ಅವರ ಬಾಯೂ ಕೇಳಿಸುತ್ತದೆ. ಅದರಲ್ಲಿ ಪೇತ್ರನ ಹೆಸರಿನ ಒಂದು ದರ್ಶನ ಗ್ರಂಥವಿದೆ. ಬಿಷಪ್, ಡೀಕನ್ (ಸಭೆಯ ಸೇವಕ) ಅಂತ ಕರೆಸಿಕೊಳ್ಳುವವರನ್ನು ಅದು ನೀರಿಲ್ಲದ ಕಾಲುವೆಗಳು ಅನ್ನುತ್ತದೆ. ನೈಲ್ ನದಿಯ ನೀರು ನಂಬಿದ ಸೀಮೆಯಲ್ಲಿ ಇದು ಸಣ್ಣ ಬೈಗುಳವಲ್ಲ. ಹೊರಗಿಟ್ಟವರಿಗೂ ಹೊರಗಾದವರಿಗೂ ತಮ್ಮದೇ ದಾರಿ, ಎದುರಿನವರದ್ದೇ ಅಡ್ಡದಾರಿ. ನಡುವೆ ನಿಂತು ಬರೆಯುವವನು ಒಂದು ಕಡೆಯ ಬೈಗುಳವನ್ನು ತನ್ನ ಮಾತಾಗಿ ಮಾಡಿಕೊಳ್ಳಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇದೇ ನೆಪದಲ್ಲಿ ಇನ್ನೊಂದು ಮಾತು. ಈ ಬರಹಗಳ ಹಲವು ಕರ್ತೃಗಳಿಗೆ ಇಂಗ್ಲಿಷಿನಲ್ಲಿರುವ ಹೆಸರನ್ನು ಉಚ್ಚಾರದಂತೆ ‘ನಾಸ್ಟಿಕ್’ ಎಂದು ದಯವಿಟ್ಟು ಬರೆಯಬೇಡಿ. ನನ್ನ ಹಿಂದಿನ ಒಂದು ಲೇಖನದಲ್ಲಿ ಅದು ಅಚ್ಚಾಗುವಾಗ ‘ನಾಸ್ತಿಕ’ ಆಗಿಹೋಯಿತು. ದೇವರನ್ನು ಅರಿಯುವುದೇ ಬಿಡುಗಡೆ ಅಂದವರಿಗೆ ಎಂಥ ಹೆಸರು ಬಿತ್ತು! ಗ್ರೀಕಿನಲ್ಲಿ ‘ಗ’ಕಾರ ಇದ್ದೇ ಇದೆ. ‘ಗ್ನೋಸ್ಟಿಕರು’ ಅನ್ನೋಣ, ಇಲ್ಲವೇ ಅರ್ಥ ಹಿಡಿದು ‘ಅರಿವಿನವರು’ ಅನ್ನೋಣ.

ನಿಮ್ಮಲ್ಲಿ ಕೇಳುವುದು ಎರಡು. ಇಡೀ ಲೇಖನಕ್ಕೆ ಒಂದೇ ಪದ ಇಟ್ಟು, ಪಾಷಂಡದ ಹಳೆಯ ಅರ್ಥವನ್ನು ಮೊದಲ ಪುಟದಲ್ಲೇ ಹೇಳಿಬಿಟ್ಟರೆ ನೀವು ಓದುಗರಾಗಿ ಒಪ್ಪುತ್ತೀರಾ, ಅಥವಾ ಈಗ ಮಾಡಿರುವ ಹಾಗೆ ಮಾತಾಡುವವರನ್ನು ನೋಡಿ ಪದ ಬದಲಿಸುವುದೇ ಮೇಲಾ?

ಇನ್ನೊಂದು, ಮನೆಯಲ್ಲಿ ಹಳೆಯ ಕನ್ನಡ ಬೈಬಲ್ ಇರುವವರು ಅಪೊಸ್ತಲರ ಕೃತ್ಯಗಳು 24:14 ಮತ್ತು 2 ಪೇತ್ರ 2:1 ತೆರೆದು ನೋಡಿ. ಗ್ರೀಕಿನಲ್ಲಿ ಎರಡೂ ಕಡೆ ಇದೇ ಪದವಿದೆ. ನಿಮ್ಮ ಪ್ರತಿಯಲ್ಲಿ ಎರಡೂ ಕಡೆ ಒಂದೇ ಕನ್ನಡ ಪದವೋ, ಬೇರೆಬೇರೆಯೋ? ಇದ್ದದ್ದು ಇದ್ದ ಹಾಗೆ, ಅಚ್ಚಾದ ವರ್ಷದ ಜೊತೆ ಬರೆಯಿರಿ. ಕಥೋಲಿಕರ ಅನುವಾದ ಇರುವವರೂ ನೋಡಿ. ನಾವು ಸುವಾರ್ತೆ ಅನ್ನುವ ಕಡೆ ಅವರು ಶುಭಸಂದೇಶ ಅನ್ನುತ್ತಾರೆ, ಇಲ್ಲೂ ಬೇರೆ ಪದ ಇಟ್ಟಿರಬಹುದು.

ವಂದನೆಗಳು.