ಪದಚರ್ಚೆ: ಕಳೆದುಹೋದ ‘ಎಕ್ಸ್‌ಟೆಂಡೆಡ್ ಕಟ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ಭಾರೀ ಸಿನಿಮಾಗಳ ಕಾಣೆಯಾದ ದೃಶ್ಯಗಳನ್ನು ಹುಡುಕುವವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಇದೆ. ಅದರ ಕನ್ನಡ ಸಬ್‌ಟೈಟಲ್ ನಾಳೆ ಸಂಜೆಯೊಳಗೆ ಕೊಡಬೇಕು. ‘ಎಕ್ಸ್‌ಟೆಂಡೆಡ್ ಕಟ್’, ಅಂದರೆ ಥಿಯೇಟರಿನಲ್ಲಿ ಓಡಿದ್ದಕ್ಕಿಂತ ಉದ್ದನೆಯ ಪ್ರತಿ, ಅನ್ನುವ ಮಾತು ಪದೇ ಪದೇ ಬರುತ್ತದೆ. ಪತ್ರಿಕೆಗಳು ಬರೆಯುವ ‘ವಿಸ್ತೃತ ಆವೃತ್ತಿ’ ನನಗೆ ಒಪ್ಪಿಗೆಯಿಲ್ಲ.

‘ಲಾರೆನ್ಸ್ ಆಫ್ ಅರೇಬಿಯಾ’ ನೋಡಿ. 1962ರಲ್ಲಿ ಮೊದಲು ತೋರಿಸಿದಾಗ ಸುಮಾರು 222 ನಿಮಿಷ ಇತ್ತು. ಸ್ವಲ್ಪ ದಿನಕ್ಕೇ 20 ನಿಮಿಷ ತೆಗೆದರು. 1970ರ ಮರುಬಿಡುಗಡೆಗೆ ಇನ್ನೂ ಮೊಟಕು ಮಾಡಿದರು. 1989ರಲ್ಲಿ ಮತ್ತೆ ಜೋಡಿಸುವಾಗ ಕೆಲವು ದೃಶ್ಯಗಳಿಗೆ ದನಿಯೇ ಸಿಗಲಿಲ್ಲ. ಲಾರೆನ್ಸ್ ಪಾತ್ರದ ನಟ ಪೀಟರ್ ಓಟೂಲ್ ಅಷ್ಟು ವರ್ಷಗಳ ಮೇಲೆ ತಮ್ಮ ಮಾತಿಗೆ ತಾವೇ ಮತ್ತೆ ದನಿ ಕೊಟ್ಟರು. ಇಲ್ಲಿ ಯಾರೂ ಏನನ್ನೂ ಹಿಗ್ಗಿಸಿಲ್ಲ. ಕಿತ್ತದ್ದನ್ನು ವಾಪಸ್ ತಂದರು, ಅಷ್ಟೆ.

ಪರದೆಯ ಒಂದು ಸಾಲಿಗೆ ಹಿಡಿಸುವ ಪದ ಬೇಕು. ಇಂಥ ಪ್ರತಿಗಳ ಬೆನ್ನುಹತ್ತಿದ ಫ್ಯಾನ್‌ಗಳಿಗೆ ‘ಅಭಿಮಾನಿ’ ಸಾಕೇ?

ಮರು:

‘ನೀಳ್ಕಟ್ಟು’. ಅಭಿಮಾನಿಗೆ ‘ಮೆಚ್ಚುಗ’. ಎರಡೂ ನಮ್ಮವೇ ಪದಗಳು. ಸಾಲ ಬೇಡ.

ಮರು:

> ‘ನೀಳ್ಕಟ್ಟು’

ಕಟ್ಟುವುದೇ ಬೇರೆ, ಕತ್ತರಿಸುವುದೇ ಬೇರೆ. ಇದು ಆಗುವುದಿಲ್ಲ.

ಹಳೆಯ ಓಲೆಗರಿ ಓದುವವರ ಹತ್ತಿರ ಇದಕ್ಕೆ ಪದಗಳು ಆಗಲೇ ಇವೆ. ಒಂದೇ ಕಾವ್ಯದ ಬೇರೆ ಬೇರೆ ರೂಪ ‘ಪಾಠಾಂತರ’. ಆಮೇಲೆ ಯಾರೋ ಸೇರಿಸಿದ್ದು ‘ಪ್ರಕ್ಷಿಪ್ತ’. ನಡುವೆ ಕಳೆದುಹೋದ ಭಾಗ ‘ಗ್ರಂಥಪಾತ’. ಜರ್ಮನಿಯ ಮೂಕಿಚಿತ್ರ ‘ಮೆಟ್ರೊಪೊಲಿಸ್’ ಕತೆಯೂ ಹೀಗೇ. 1927ರಲ್ಲಿ ಬಂತು, ಬೇಗನೇ ಕತ್ತರಿಗೆ ಸಿಕ್ಕಿತು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ 16 ಎಂಎಂ ಪ್ರತಿಯೊಂದು ಪತ್ತೆಯಾಯಿತು. ಗೀರು ತುಂಬಿದ ಆ ಪ್ರತಿಯಿಂದಲೇ ಸುಮಾರು 25 ನಿಮಿಷ ವಾಪಸ್ ಬಂತು. ಹುಳು ತಿಂದ ಗರಿಯಿಂದ ಪದ್ಯ ಬಿಡಿಸಿ ಓದುವ ಕೆಲಸವೇ ಇದು! ಆದ್ದರಿಂದ ‘ಪೂರ್ಣಪಾಠ’ ಅನ್ನಿ. ಕಳೆದ ಭಾಗಕ್ಕೆ ‘ಚಿತ್ರಪಾತ’.

ಮರು:

‘ಚಿತ್ರಪಾತ’ ಓದಿದವರು ಸಿನಿಮಾ ಮಕಾಡೆ ಮಲಗಿತು ಅಂದುಕೊಳ್ಳುತ್ತಾರೆ. ಕಟ್ಟು ಸರಿಯಾಗೇ ಇದೆ. ಎಡಿಟರ್ ಕೊನೆಗೆ ಮಾಡುವುದು ಕಟ್ಟುವ ಕೆಲಸವನ್ನೇ ಅಲ್ವಾ? ಇನ್ನು ‘ಕತ್ತರಿ’ ಅಂತೀರಲ್ಲ, ಅದೇ ಸಂಸ್ಕೃತದ ‘ಕರ್ತರಿ’ಯಿಂದ ಬಂದದ್ದು.

ಮರು:

‘ಕತ್ತರಿ’ಯನ್ನು ಬಿಟ್ಟುಕೊಡುವುದಿಲ್ಲ. ಕನ್ನಡದಲ್ಲಿ ‘ಕತ್ತಿ’ ಇದೆ, ತಮಿಳಿನಲ್ಲೂ ಇದೆ. ‘ಕತ್ತರಿ’ ಅದರ ಮನೆಯದೇ. ಅಚ್ಚಗನ್ನಡ ಅನ್ನುತ್ತಲೇ ಕೈಲಿರುವುದನ್ನು ದಾನ ಮಾಡುವ ಈ ಚಾಳಿ ಮೊದಲು ನಿಲ್ಲಲಿ.

ಮರು:

ನಾಳೆ ಸಂಜೆ ಸಬ್‌ಟೈಟಲ್ ಕೊಡಬೇಕಾದವರಿಗೆ ಕತ್ತರಿಯ ವಂಶಾವಳಿ ಯಾಕೆ?

ಮೊದಲು ವಸ್ತು ಏನು ಅಂತ ನೋಡಿ. ಎಲ್ಲ ಉದ್ದನೆಯ ಪ್ರತಿಗಳೂ ಒಂದೇ ಜಾತಿಯವಲ್ಲ. ‘ಲಾರ್ಡ್ ಆಫ್ ದಿ ರಿಂಗ್ಸ್’ ಥಿಯೇಟರಿಗೆ ಬಂದ ಮೇಲೆ ಡಿವಿಡಿಗಾಗಿ ದೃಶ್ಯ ಸೇರಿಸಿದರು, ಅವಕ್ಕೆ ಸಂಗೀತವನ್ನೂ ಕೂಡಿಸಿದರು. ಅದು ನಿಜವಾಗಿಯೂ ಹಿಗ್ಗಿಸಿದ ಪ್ರತಿ. ‘ಗ್ರೀಡ್’ (1924) ಹಾಗಲ್ಲ. ನಿರ್ದೇಶಕ ಸ್ಟ್ರೋಹೈಮ್ ಮೊದಲು ಜೋಡಿಸಿದ್ದು ಎಂಟು ಗಂಟೆಗೂ ಜಾಸ್ತಿ ಇತ್ತು. ಸ್ಟುಡಿಯೋ ಎರಡು ಗಂಟೆ ಚಿಲ್ಲರೆಗೆ ಇಳಿಸಿತು. ಮಿಕ್ಕದ್ದು ನಾಶವಾಯಿತು. 1999ರಲ್ಲಿ ನಾಲ್ಕು ಗಂಟೆಯ ರೂಪ ಕಟ್ಟಿದವರು ಸ್ಟಿಲ್ ಫೋಟೋಗಳನ್ನು ಇಟ್ಟು ಸಂದು ತುಂಬಬೇಕಾಯಿತು. ‘ಕ್ಲಿಯೋಪಾತ್ರ’ (1963) ಇನ್ನೊಂದು ಥರ. ನಿರ್ದೇಶಕ ಮ್ಯಾಂಕೀವಿಚ್‌ಗೆ ಮೂರು ಮೂರು ಗಂಟೆಯ ಎರಡು ಸಿನಿಮಾ ಬೇಕಿತ್ತು. ಬಂದದ್ದು ನಾಲ್ಕು ಗಂಟೆಯ ಒಂದೇ ಸಿನಿಮಾ. ಅವರ ಮನಸ್ಸಿನಲ್ಲಿದ್ದದ್ದು ಜನರ ಮುಂದೆ ಬರಲೇ ಇಲ್ಲ. ಅದಕ್ಕೆ ‘ಮೂಲ ಪ್ರತಿ’ ಅಂದರೂ ತಪ್ಪಾಗುತ್ತದೆ.

‘ಇಡಿ ಪ್ರತಿ’ ಅನ್ನಿ. ಕಳೆದದ್ದು ‘ಕಳೆದ ರೀಲು’. ರೀಲು, ಪ್ರಿಂಟು, ಸಿನಿಮಾ ಎಲ್ಲ ಯಾವಾಗಲೋ ಕನ್ನಡದ ವಿಭಕ್ತಿ ಹಚ್ಚಿಕೊಂಡು ಓಡಾಡುತ್ತಿವೆ. ಅವನ್ನು ಹೊರಗೆ ಹಾಕಿದರೆ ನಷ್ಟ ನಮಗೇ. ‘ಅಭಿಮಾನಿ’ಯೂ ಹಾಗೆಯೇ. ಸಂಸ್ಕೃತದಲ್ಲಿ ಅದಕ್ಕೆ ಜಂಬದವನು ಅನ್ನುವ ಅರ್ಥ ಇದ್ದರೆ ಇರಲಿ, ಇಲ್ಲಿ ಅದು ಪ್ರೀತಿಯ ಪದ. ಸಿಕ್ಕೀತೋ ಇಲ್ಲವೋ ಗೊತ್ತಿಲ್ಲದ ಒಂದು ಡಬ್ಬಿಗಾಗಿ ಹಳೆಯ ಗೋದಾಮುಗಳ ಪಟ್ಟಿ ತಿರುವಿ ಹಾಕುವವರಿಗೆ ಅದಕ್ಕಿಂತ ಒಳ್ಳೆಯ ಪದ ಬೇಡ.

ಮರು:

‘ಇಡಿ’ ಸರಿ. ‘ಪ್ರತಿ’ ಸಂಸ್ಕೃತ.

ಮರು:

‘ಇಡಿ ಪ್ರತಿ’ ಸಾಲಿಗೆ ಸರಿಯಾಗಿ ಕೂತಿತು. ‘ಕಳೆದ ರೀಲು’, ‘ಅಭಿಮಾನಿ’ ಕೂಡ ಹಾಗೇ ಇಡುತ್ತೇನೆ. ‘ರಿಂಗ್ಸ್’ ಮಾತು ಬರುವ ಕಡೆ ‘ಹಿಗ್ಗಿಸಿದ ಪ್ರತಿ’. ಎಲ್ಲರಿಗೂ ಧನ್ಯವಾದ. ಒಂದು ಉಳಿಯಿತು: ಹಳೆಯ ದೃಶ್ಯಕ್ಕೆ ಅದೇ ನಟ ಮತ್ತೆ ದನಿ ಕೊಡುವುದಕ್ಕೆ ‘ಮರುದನಿ’ ಅನ್ನಬಹುದೇ, ಅಥವಾ ಪ್ರತಿಧ್ವನಿ ಅಂತ ಓದಿಕೊಳ್ಳುತ್ತಾರಾ?