ಅರಿವಳಿಕೆಯಲ್ಲಿರುವ ಮಗುವಿನ ಮೂಗಿಗೆ ನಿಮಿಷಕ್ಕೆ 16 ಲೀಟರ್ ಆಕ್ಸಿಜನ್: ಹೆಚ್ಚಾಗುವುದಿಲ್ಲವೇ?

ಪ್ರಶ್ನೆ: ಚಳ್ಳಕೆರೆಯ ತಂದೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಹದಿನಾಲ್ಕು ತಿಂಗಳು, ತೂಕ 8 ಕೆ.ಜಿ. ಹುಟ್ಟಿದ ಎರಡನೆಯ ವಾರದಿಂದಲೇ ಉಸಿರು ಎಳೆದುಕೊಳ್ಳುವಾಗ ಗಂಟಲಿನಿಂದ ಕೀರಲು ಸದ್ದು ಬರುತ್ತಿದ್ದು, ಅಂಗಾತ ಮಲಗಿಸಿದರೆ ಇನ್ನೂ ಜೋರಾಗುತ್ತದೆ. ತಾನಾಗಿಯೇ ಹೋಗುತ್ತದೆ ಎಂದಿದ್ದರು, ಹೋಗಲಿಲ್ಲ. ಮುಂದಿನ ವಾರ ದಾವಣಗೆರೆಯಲ್ಲಿ ಅರಿವಳಿಕೆ ಕೊಟ್ಟು ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳವನ್ನು ದುರ್ಬೀನಿನಲ್ಲಿ ನೋಡಲಿದ್ದಾರೆ. ಆಗ ಗಂಟಲೊಳಗೆ ಟ್ಯೂಬ್ ಇಳಿಸದೆ, ಮೂಗಿನಿಂದಲೇ ನಿಮಿಷಕ್ಕೆ 16 ಲೀಟರ್ ಆಕ್ಸಿಜನ್ ಹರಿಸುತ್ತಾರಂತೆ. ಕೋವಿಡ್ ಕಾಲದಲ್ಲಿ ನಮ್ಮ ತಂದೆಯವರಿಗೆ ಸಿಲಿಂಡರಿನಿಂದ 4 ಲೀಟರ್ ಕೊಟ್ಟಾಗಲೇ ಮೂಗು ಒಣಗಿ ರಕ್ತ ಬಂದಿತ್ತು. ಇಷ್ಟು ಚಿಕ್ಕ ಮೂಗು ಇದನ್ನು ತಡೆದೀತೇ? ಟ್ಯೂಬ್ ಹಾಕುವುದೇ ಸುರಕ್ಷಿತವಲ್ಲವೇ?

ಉತ್ತರ 1: ಅರಿವಳಿಕೆ ವೈದ್ಯ, ದಾವಣಗೆರೆ

ನಿಮ್ಮ ತಂದೆಯವರಿಗೆ ಬಂದದ್ದು ಸಿಲಿಂಡರಿನ ಒಣ, ತಣ್ಣನೆಯ ಆಕ್ಸಿಜನ್. ಹೈ ಫ್ಲೋ ಯಂತ್ರದಲ್ಲಿ ಅದು ಬಿಸಿನೀರಿನ ಕೋಣೆಯನ್ನು ಹಾದು, ಸುಮಾರು 37 ಡಿಗ್ರಿ ಶಾಖದಲ್ಲಿ, ತೇವ ತುಂಬಿಕೊಂಡು ಬರುತ್ತದೆ; ಆದ್ದರಿಂದಲೇ ಮೂಗು ಅಷ್ಟು ಹರಿವನ್ನು ತಾಳುತ್ತದೆ. 16 ಲೀಟರ್ ಎಂಬುದೂ ಅಂದಾಜಿನ ಮಾತಲ್ಲ. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಕೆ.ಜಿ.ಗೆ 2 ಲೀಟರಿನಂತೆ ಲೆಕ್ಕ ಹಾಕುತ್ತೇವೆ. ಮೂಗಿನ ಕೊಳವೆ ಹೊಳ್ಳೆಯ ಅರ್ಧದಷ್ಟು ಮಾತ್ರ ದಪ್ಪವಿರಬೇಕು, ಪಕ್ಕದಿಂದ ಗಾಳಿ ಹೊರಬರಲು ಜಾಗ ಬೇಕು. ಇಲ್ಲದಿದ್ದರೆ ಒಳಗೆ ಒತ್ತಡ ಏರುತ್ತದೆ.

ಟ್ಯೂಬ್ ಬೇಡವೆನ್ನಲು ಕಾರಣ ಸರಳ: ನೋಡಬೇಕಾದ ಜಾಗದಲ್ಲೇ ಟ್ಯೂಬ್ ಕುಳಿತರೆ ನೋಡುವುದೇನನ್ನು? ಉಸಿರೆಳೆದಾಗ ಧ್ವನಿಪೆಟ್ಟಿಗೆಯ ಮೇಲಿನ ಮೆತ್ತನೆಯ ಭಾಗ ಒಳಕ್ಕೆ ಕುಸಿಯುತ್ತದೆಯೇ ಎಂಬುದು ಮಗು ಸ್ವತಃ ಉಸಿರಾಡುತ್ತಿದ್ದರೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ನಿದ್ದೆಯ ಔಷಧವನ್ನು ರಕ್ತನಾಳದ ಮೂಲಕ ಅಳೆದು ಕೊಡುತ್ತಾ, ಉಸಿರು ನಿಲ್ಲದಂತೆ ನೋಡಿಕೊಳ್ಳುತ್ತೇವೆ. ಮಕ್ಕಳ ದೇಹ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಸುಮಾರು ಎರಡು ಪಟ್ಟು ಆಕ್ಸಿಜನ್ ಬಳಸುತ್ತದೆ, ಶ್ವಾಸಕೋಶದಲ್ಲಿ ದಾಸ್ತಾನೂ ಕಡಿಮೆ. ಉಸಿರು ತುಸು ತಡೆದರೂ ಬೇಗನೆ ನೀಲಿಗಟ್ಟುತ್ತವೆ. ಮೂಗಿನ ಈ ಹರಿವು ಆ ಗಳಿಗೆಯನ್ನು ಹಿಂದಕ್ಕೆ ತಳ್ಳುತ್ತದೆ.

ಉತ್ತರ 2: ಒಬ್ಬ ತಾಯಿ, ಚಿತ್ರದುರ್ಗ

ನಮ್ಮ ಮಗನಿಗೂ ಹೋದ ವರ್ಷ ಹೀಗೆಯೇ ನೋಡಿದರು. ಹೊರಗೆ ಬಂದಾಗ ಕೆನ್ನೆಯ ಮೇಲೆ ಪ್ಲಾಸ್ಟರ್ ಅಂಟಿದ್ದ ಎರಡು ಕೆಂಪು ಚೌಕಗಳಿದ್ದವು, ಸಂಜೆಗೆ ಅವೂ ಮಾಸಿದವು. ಮೂಗಿಗೆ ಏನೂ ಆಗಿರಲಿಲ್ಲ. ನಮಗೆ ನಿಜವಾಗಿ ಕಷ್ಟವಾದದ್ದು ಹಸಿವು. ಊಟಕ್ಕೆ 6 ಗಂಟೆ, ಎದೆಹಾಲಿಗೆ 4 ಗಂಟೆ ಬಿಡುವಿರಬೇಕೆಂದು ಹೇಳಿದ್ದರು. ಬೆಳಗಿನ ಜಾವ ಎಬ್ಬಿಸಿ ಹಾಲು ಕುಡಿಸಿಕೊಂಡು ಹೊರಟೆವು. ಜೊತೆಗೆ ಬಂದ ಅತ್ತೆಯವರು ಬಿಸ್ಕತ್ತಿನ ಪೊಟ್ಟಣ ತೆಗೆದಾಗ ನಾನು ಕಸಿದುಕೊಳ್ಳಬೇಕಾಯಿತು. ಗಂಟಲಿಗೆ ಮರಗಟ್ಟಿಸುವ ಔಷಧ ಸಿಂಪಡಿಸಿದ್ದರಿಂದ, ಎಚ್ಚರವಾದ ಮೇಲೂ ಅವರು ಹೇಳುವವರೆಗೆ ನೀರು ಸಹ ಕೊಡುವಂತಿರಲಿಲ್ಲ.

ಚಳ್ಳಕೆರೆಯ ತಂದೆ

ಇಬ್ಬರಿಗೂ ಧನ್ಯವಾದಗಳು. ವೈದ್ಯರೇ, ಇನ್ನೊಂದು ಪ್ರಶ್ನೆ: ಬೆರಳಿನ ಮೀಟರಿನಲ್ಲಿ 99 ಕಾಣಿಸುತ್ತಿದ್ದರೆ ಮಗು ಸುರಕ್ಷಿತ ಎಂದುಕೊಳ್ಳಬಹುದೇ?

ಉತ್ತರ 3: ಅರಿವಳಿಕೆ ವೈದ್ಯ, ದಾವಣಗೆರೆ

ಅಷ್ಟೇ ಸಾಲದು, ಮತ್ತು ಈ ವಿಧಾನದಲ್ಲಿ ಮೈಮರೆಯುವ ಅಪಾಯ ಇರುವುದೂ ಅಲ್ಲಿಯೇ. ಆ ಮೀಟರು ಆಕ್ಸಿಜನ್ನನ್ನು ತೋರಿಸುತ್ತದೆಯೇ ಹೊರತು ಇಂಗಾಲದ ಡೈಆಕ್ಸೈಡನ್ನಲ್ಲ. ಉಸಿರು ನಿಂತಾಗ ಹೈ ಫ್ಲೋ ಸ್ವಲ್ಪ ಮಟ್ಟಿಗೆ ಇಂಗಾಲದ ಡೈಆಕ್ಸೈಡನ್ನೂ ತೊಳೆಯುತ್ತದೆ ಎಂದು ದೊಡ್ಡವರಲ್ಲಿ ಮೊದಲು ಭಾವಿಸಲಾಗಿತ್ತು. ಆದರೆ 2017 ಮತ್ತು 2018ರಲ್ಲಿ ಪ್ರಕಟವಾದ ಮಕ್ಕಳ ಅಧ್ಯಯನಗಳಲ್ಲಿ ಆಕ್ಸಿಜನ್ ಹೆಚ್ಚು ಹೊತ್ತು ಉಳಿದರೂ ಇಂಗಾಲದ ಡೈಆಕ್ಸೈಡ್ ಮಾತ್ರ ಏರುತ್ತಲೇ ಹೋಯಿತು. ಅಷ್ಟು ಜೋರಾದ ಹರಿವಿನಲ್ಲಿ ಹೊರಬರುವ ಉಸಿರು ತೆಳುವಾಗಿಬಿಡುವುದರಿಂದ, ಅದನ್ನು ಅಳೆಯುವ ಯಂತ್ರದ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಆದ್ದರಿಂದ ಪರದೆಯ ಮೇಲೆ 99 ಇದ್ದರೂ ನಮ್ಮ ಕಣ್ಣು ಮಗುವಿನ ಎದೆಯ ಏರಿಳಿತದ ಮೇಲಿರುತ್ತದೆ, ಮಾಸ್ಕ್ ಮತ್ತು ಟ್ಯೂಬ್ ಕೈಗೆಟಕುವಲ್ಲಿ ಸಿದ್ಧವಿರುತ್ತವೆ. ಲೇಸರ್ ಬಳಸುವುದಾದರೆ ಬೆಂಕಿಯ ಭಯದಿಂದ ಆಕ್ಸಿಜನ್ ಪ್ರಮಾಣವನ್ನು ಮೊದಲೇ ಶೇಕಡಾ 30ಕ್ಕೆ ಇಳಿಸುತ್ತೇವೆ. ನಿಮ್ಮ ಮಗಳಿಗೆ ಬರೀ ನೋಡುವುದಷ್ಟೇ ಆದರೆ ಆ ಪ್ರಮೇಯ ಬಾರದು.

ಆ ವಾರ ಮಗುವಿಗೆ ನೆಗಡಿ, ಜ್ವರ ಅಥವಾ ಹಸಿರು ಸಿಂಬಳ ಕಾಣಿಸಿಕೊಂಡರೆ ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ. ಮೂಗು ಕಟ್ಟಿದ್ದರೆ ಈ ಹರಿವು ಒಳಗೆ ಹೋಗುವುದಿಲ್ಲ, ಗಂಟಲು ಬಿಗಿದುಕೊಳ್ಳುವ ಸಾಧ್ಯತೆಯೂ ಹೆಚ್ಚು. ಎರಡು ಮೂರು ವಾರ ಮುಂದೂಡಬೇಕಾಗಬಹುದು.