ಬರ್ಸ್ಟ್ ವಿಧಾನದಲ್ಲಿ ನೇರಳಾತೀತ ಪಲ್ಸ್‌ಗಳು ಕುಂದುತ್ತಿವೆ: ಅನುಭವವಿದ್ದವರು ತಿಳಿಸಿ

ಕೋರಿಕೆ: 1064 ನ್ಯಾನೋಮೀಟರ್‌ನ (ಇನ್‌ಫ್ರಾರೆಡ್) ಪಿಕೋಸೆಕೆಂಡ್ ಲೇಸರ್‌ನಿಂದ, ಬೆಳಕಿನ ತರಂಗಾಂತರ ಬದಲಿಸುವ ಎರಡು ಎಲ್‌ಬಿಓ (ಲಿಥಿಯಂ ಟ್ರೈಬೋರೇಟ್) ಹರಳುಗಳ ಮೂಲಕ 355 ನ್ಯಾನೋಮೀಟರ್‌ನ ನೇರಳಾತೀತ ಬೆಳಕನ್ನು ಪಡೆಯುತ್ತಿದ್ದೇನೆ. ಒಂಟಿ ಪಲ್ಸ್‌ನಲ್ಲಿ ಪರಿವರ್ತನೆ ಚೆನ್ನಾಗಿದೆ. ಅಷ್ಟೇ ಶಕ್ತಿಯನ್ನು 20 ನ್ಯಾನೋಸೆಕೆಂಡ್ ಅಂತರದ ಹತ್ತು ಪಲ್ಸ್‌ಗಳ ಗುಚ್ಛಕ್ಕೆ (ಬರ್ಸ್ಟ್) ಹಂಚಿದರೆ ನೇರಳಾತೀತ ಶಕ್ತಿ ಕುಸಿಯುತ್ತದೆ, ಕೊನೆಯ ಪಲ್ಸ್‌ಗಳಂತೂ ಕಾಣುವುದೇ ಇಲ್ಲ. ಹರಳನ್ನು ಬದಲಿಸಬೇಕೇ?

ಮೊದಲ ಉತ್ತರ: ದಯವಿಟ್ಟು ಹರಳನ್ನು ಈಗಲೇ ಬದಲಿಸಬೇಡಿ, ನಾನು ಹಾಗೆ ಮಾಡಿ ಹಲವು ವಾರಗಳನ್ನು ಕಳೆದುಕೊಂಡೆ. ಹರಳಿಗೆ ಬರ್ಸ್ಟಿನ ಒಟ್ಟು ಶಕ್ತಿಯಲ್ಲ, ಪ್ರತಿಯೊಂದು ಪಲ್ಸ್‌ನ ಗರಿಷ್ಠ ತೀವ್ರತೆ ಮುಖ್ಯ. ಪರಿವರ್ತನೆ ಕಡಿಮೆಯಿರುವಾಗ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಆವರ್ತನದ ಈ ನೇರಳಾತೀತ ಬೆಳಕು) ಮೂಲ ತೀವ್ರತೆಯ ಘನಕ್ಕೆ ಅನುಗುಣವಾಗಿರುವುದರಿಂದ, ಹತ್ತನೇ ಒಂದು ಭಾಗಕ್ಕಿಳಿದ ಪಲ್ಸ್ ಸಾವಿರದಲ್ಲಿ ಒಂದು ಪಾಲನ್ನಷ್ಟೇ ಕೊಡುತ್ತದೆ. ಕಿರಣದ ವ್ಯಾಸವನ್ನು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಹಳೆಯ ತೀವ್ರತೆ ಮರಳುತ್ತದೆ, ಆದರೆ ಹರಳಿನ ಹೊರಮುಖದ ಲೇಪನದ ಮೇಲೆ ಬೀಳುವ ಶಕ್ತಿ ಸಾಂದ್ರತೆ ಹತ್ತು ಪಟ್ಟಾಗುತ್ತದೆ. ಆದ್ದರಿಂದ ನಾನು ವ್ಯಾಸವನ್ನು ಅರ್ಧಕ್ಕಷ್ಟೇ ಇಳಿಸಿ, ಉಳಿದದ್ದನ್ನು ಹೆಚ್ಚು ಉದ್ದದ ಹರಳಿನಿಂದ ತುಂಬಿಕೊಂಡೆ. ಹತ್ತು ಪಿಕೋಸೆಕೆಂಡಿನ ಪಲ್ಸ್‌ಗಳಿಗೆ ಎಲ್‌ಬಿಓದಲ್ಲಿನ ಗುಂಪುವೇಗದ ವ್ಯತ್ಯಾಸ (ಬೇರೆ ಬೇರೆ ತರಂಗಾಂತರದ ಪಲ್ಸ್‌ಗಳು ಬೇರೆ ಬೇರೆ ವೇಗದಲ್ಲಿ ಸಾಗುವುದು) ಅಡ್ಡಿಯಾಗುವಷ್ಟಿಲ್ಲ.

ಕೊನೆಯ ಪಲ್ಸ್‌ಗಳು ಮಾಯವಾಗುವುದಕ್ಕೆ ಕಾರಣ ಬಹುಶಃ ಲೇಸರ್ ಪಲ್ಸ್‌ಗಳನ್ನು ಬಲಪಡಿಸುವ ಆಂಪ್ಲಿಫೈಯರ್‌ನಲ್ಲಿದೆ. ಅಲ್ಲಿ ಸಂಗ್ರಹವಾದ ಶಕ್ತಿಯನ್ನು ಮೊದಲ ಪಲ್ಸ್‌ಗಳೇ ಬಳಸಿಕೊಳ್ಳುತ್ತವೆ. ಇನ್‌ಫ್ರಾರೆಡ್‌ನಲ್ಲಿ ಶೇಕಡ 10ರಷ್ಟು ಕುಂದಿದ ಪಲ್ಸ್ ನೇರಳಾತೀತದಲ್ಲಿ ಶೇಕಡ 27ರಷ್ಟು ಕುಂದಬಹುದು. ಆಂಪ್ಲಿಫೈಯರ್‌ಗೆ ಮುಂಚಿನ ಮಾಡ್ಯುಲೇಟರ್‌ನಲ್ಲಿ (ಪಲ್ಸ್‌ಗಳ ಎತ್ತರವನ್ನು ನಿಯಂತ್ರಿಸುವ ಸಾಧನ) ಮೊದಲ ಪಲ್ಸ್‌ಗಳನ್ನು ತಗ್ಗಿಸಿ, ಕ್ರಮೇಣ ಏರುವಂತೆ ಹೊಂದಿಸಿ. ಬೆಳಕನ್ನು ಅಳೆಯುವ ಫೋಟೋಡಯೋಡ್‌ಗೆ ಪಿಕೋಸೆಕೆಂಡ್ ಆಕಾರ ಕಾಣದಿದ್ದರೂ ಇಷ್ಟು ಅಂತರದ ಶಿಖರಗಳನ್ನು ಅದು ಬಿಡಿಬಿಡಿಯಾಗಿ ತೋರಿಸುತ್ತದೆ, ಪ್ರತಿ ಶಿಖರದ ವಿಸ್ತೀರ್ಣವೇ ಆ ಪಲ್ಸ್‌ನ ಶಕ್ತಿಯ ಅಳತೆ. ಅಂತಿಮ ಹೊಂದಾಣಿಕೆಯನ್ನು 355ರ ಸಂಕೇತವನ್ನೇ ನೋಡಿ ಮಾಡಿ. ಇನ್‌ಫ್ರಾರೆಡ್‌ನಲ್ಲಿ ಸಮವಾಗಿ ಕಂಡ ಬರ್ಸ್ಟ್ ನನಗೆ ನೇರಳಾತೀತದಲ್ಲಿ ಇಳಿಜಾರಾಗಿಯೇ ಕಂಡಿತ್ತು.

ಎರಡನೆಯ ಉತ್ತರ: ಮೇಲಿನದನ್ನು ಒಪ್ಪುತ್ತೇನೆ. ಮೊದಲ ಹರಳಿನಲ್ಲಿ ಹುಟ್ಟುವ ಹಸಿರು ಬೆಳಕಿಗೆ ಮೂರನೇ ಎರಡು ಭಾಗದಷ್ಟು ಶಕ್ತಿ ಹೋಗುವಂತೆ ಆ ಹರಳನ್ನು ಹೊಂದಿಸಿ, ಏಕೆಂದರೆ ಎರಡನೆಯದರಲ್ಲಿ ಹಸಿರು ಮತ್ತು ಇನ್‌ಫ್ರಾರೆಡ್ ಫೋಟಾನ್‌ಗಳು ಸಮಸಂಖ್ಯೆಯಲ್ಲಿ ಕೂಡಬೇಕು. ಮೊದಲ ಹರಳನ್ನು ಸುಮಾರು 149 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಕಿರಣಗಳು ಪಕ್ಕಕ್ಕೆ ಸರಿಯುವ ತೊಂದರೆಯೂ ಇರುವುದಿಲ್ಲ. ಅಳೆಯುವ ಮುನ್ನ ಬಣ್ಣಗಳನ್ನು ಬೇರ್ಪಡಿಸುವ ಕನ್ನಡಿಗಳನ್ನು ಕನಿಷ್ಠ ಎರಡು ಬಾರಿ ಬಳಸಿ: ಒಂದೇ ಕನ್ನಡಿಯಿಂದ ಸೋರಿದ ಹಸಿರು ಬೆಳಕನ್ನು ನಾವು ಬಹಳ ಕಾಲ ನೇರಳಾತೀತವೆಂದೇ ಎಣಿಸಿದ್ದೆವು.